ಚಿಕ್ಕ ಬುಟ್ಟಿಯ ಗೊಂಬೆ ಸಾಲು

ನನ್ನ ಮೊಮ್ಮಗಳು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಡಾಕ್ಟರಲ್ಲ, ನರ್ಸೂ ಅಲ್ಲ. ಮನಸ್ಸಿಗೆ ಪೆಟ್ಟು ಬಿದ್ದವರ ಮುಂದೆ ಹಾಳೆ, ಬಣ್ಣ, ಕುಂಚ ಇಟ್ಟು ಅವರ ಪಕ್ಕದಲ್ಲಿ ಸುಮ್ಮನೆ ಕೂರುವುದು ಅವಳ ಕೆಲಸ. ಅದಕ್ಕೆ ಆರ್ಟ್ ಥೆರಪಿ ಎನ್ನುತ್ತಾರಂತೆ. ಸುಮ್ಮನೆ ಕೂರುವುದಕ್ಕೂ ಸಂಬಳ ಕೊಡುತ್ತಾರೇನೇ ಎಂದು ನಾನು ಕಾಲೆಳೆದರೆ ಮೂಗಿನ ತುದಿ ಕೆಂಪಗೆ ಮಾಡಿಕೊಳ್ಳುತ್ತಾಳೆ. ಆ ಮೂಗು, ಆ ಸಿಟ್ಟು ಎರಡೂ ನನ್ನವೇ. ಹಾಗಾಗಿ ಬೇಗ ಸಮಾಧಾನ ಮಾಡುವುದೂ ನನಗೆ ಗೊತ್ತು.

ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ತಿಳಿಯದೇನಲ್ಲ. ನನ್ನ ಪಕ್ಕದಲ್ಲಿ ಹಾಗೆ ಕೂತವರು ಇಬ್ಬರಿದ್ದರು. ಒಬ್ಬರು ಸೊರಬದ ಕಡೆಯ, ಗದ್ದೆ ಬೇಸಾಯ ಮಾಡುವ ದೀವರ ಮನೆಯ ಹೆಂಗಸು. ಇನ್ನೊಬ್ಬರು ನನ್ನ ಅತ್ತೆ. ಅವರಿಬ್ಬರ ಋಣ ದೊಡ್ಡದು. ತೀರಿಸಲಂತೂ ಆಗುವುದಿಲ್ಲ, ಹೇಳಿಯಾದರೂ ಹೋಗೋಣ ಎಂದು ಬರೆಯುತ್ತಿದ್ದೇನೆ.

ನನ್ನ ತವರು ಬಳ್ಳಿಗಾವಿಯ ಪಕ್ಕದ ಹಳ್ಳಿ. ಕೊಟ್ಟದ್ದು ಶಿಕಾರಿಪುರದ ಪೇಟೆಯ ದಿನಸಿ ಅಂಗಡಿಯವರ ಮನೆಗೆ. ಆಣೆಗಳು ಹೋಗಿ ಹೊಸ ಪೈಸೆ ಬಂದಿದ್ದ ಕಾಲ. ಅಂಗಡಿಗೆ ಬಂದ ಮುದುಕರಿಗೆ ಹೊಸ ಲೆಕ್ಕ ತಿಳಿಸಿ ಹೇಳುವಷ್ಟರಲ್ಲಿ ಮಾವನವರ ಗಂಟಲು ಒಣಗುತ್ತಿತ್ತು. ನಾನು ಆಗ ಬಾಯಿ ಮುಚ್ಚಿ ಕೂರುವ ಸೊಸೆಯಲ್ಲ. ಅತ್ತೆಯೂ ಬಾಯಿಗೆ ಹೆಸರಾದವರು. ನಮ್ಮಿಬ್ಬರ ನಡುವೆ ಮಾತಿಗೆ ಮಾತು ಬೆಳೆದಾಗ ಮಾವನವರು ಊಟ ಅರ್ಧಕ್ಕೇ ಮುಗಿಸಿ ಅಂಗಡಿಗೆ ಹೋಗಿಬಿಡುತ್ತಿದ್ದರು.

ಮೊದಲ ಹೆರಿಗೆಗೆ ತವರಿಗೆ ಹೋದೆ. ಆಷಾಢ ಕಳೆದು ಶ್ರಾವಣ ಹತ್ತಿದಾಗ ಹೆಣ್ಣು ಕೂಸು ಹುಟ್ಟಿತು. ತಲೆತುಂಬ ಕೂದಲು, ಮುಷ್ಟಿ ಬಿಗಿ ಹಿಡಿದರೆ ಬಿಡಿಸಲು ಆಗುತ್ತಿರಲಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಇನ್ನೂ ಬಂದಿರಲಿಲ್ಲ, ಜ್ವರ ಬಂತು. ಒಂದು ಬೆಳಗ್ಗೆ ಕೂಸು ಕಣ್ಣು ಬಿಡಲಿಲ್ಲ. ಅಪ್ಪ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಹೊಲದ ಬದುವಿನ ಕಡೆ ಹೋದರು, ಬರುವಾಗ ಅವರ ಕೈ ಬರಿದಾಗಿತ್ತು. ಉಗುರ ತುಂಬ ಕೆಂಪು ಮಣ್ಣಿತ್ತು. ಆ ಉಗುರುಗಳನ್ನು ನೋಡಿದ್ದೇ ನನಗೆ ಮಣ್ಣು ಕಂಡರೆ ಆಗದಂತಾಯಿತು.

ನಮ್ಮ ಕಡೆ ಒಂದು ಮಾತಿತ್ತು. ಹೆಸರಿಡದ ಕೂಸಿಗೆ ತಾಯಿ ಅಳಬಾರದು. ಅತ್ತರೆ ಮುಂದಿನದೂ ನಿಲ್ಲುವುದಿಲ್ಲ. ಅವ್ವ ನನ್ನ ಕಣ್ಣನ್ನು ತನ್ನ ಸೆರಗಿನಿಂದ ಒತ್ತಿ ಹಿಡಿದು, ಬೇಡ ಮಗಳೇ, ಮುಂದಿನದರ ಮುಖ ನೋಡಿ ಸಹಿಸಿಕೋ ಎಂದಳು. ನೆರೆಯವರು ಬಂದು, ಹೆಸರಿಲ್ಲದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಹೇಳಿ ಹೋದರು. ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಹೂ ಬಾಡಿದಂತೆ ಹಾಲೂ ಬತ್ತಿತು. ಇವತ್ತಿಗೂ ನಾನು ಮಲ್ಲಿಗೆ ಮುಡಿಯುವುದಿಲ್ಲ, ಕಾರಣ ಕೇಳಿದವರಿಗೆ ತಲೆನೋವು ಬರುತ್ತದೆ ಎನ್ನುತ್ತೇನೆ.

ಅಳು ತಡೆದೆ. ಅದನ್ನು ತಡೆಯುವ ಭರದಲ್ಲಿ ಮಾತೂ ಒಳಗೇ ಉಳಿಯಿತು. ಬೇಕೆಂದು ಮಾಡಿದ್ದಲ್ಲ. ಬಾಯಿ ತೆರೆದರೆ ಮೊದಲು ಅಳುವೇ ಬರುತ್ತದೆ ಎಂದು ಹೆದರಿ ಮುಚ್ಚಿಕೊಂಡೆ, ಆಮೇಲೆ ತೆರೆಯಬೇಕೆಂದರೂ ಆಗಲಿಲ್ಲ. ಶಿಕಾರಿಪುರಕ್ಕೆ ವಾಪಸು ಕರೆತಂದಾಗ ನಾನು ಕೇಳಿದ್ದಕ್ಕೆ ತಲೆಯಾಡಿಸುವ, ಹೇಳಿದ ಕೆಲಸ ಮಾಡುವ, ಕೊಟ್ಟರೆ ಉಣ್ಣುವ ಒಂದು ಜೀವವಾಗಿದ್ದೆ. ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಪಕ್ಕದ ಬಳೆ ಅಂಗಡಿ ಸಾಬರ ಮನೆಯವರು ದರ್ಗಾದಿಂದ ತಾಯಿತ ತಂದು ತೋಳಿಗೆ ಕಟ್ಟಿ, ಕೈಗೆ ಒಂದಿಷ್ಟು ಹೊಸ ಬಳೆಯನ್ನೂ ಏರಿಸಿ ಹೋದರು. ಎಲ್ಲರೂ ಒಳ್ಳೆಯವರೇ. ಟಾನಿಕ್ಕಿನಿಂದ ಮೈಗೆ ಸ್ವಲ್ಪ ಕಸುವು ಬಂತು, ಬಾಯಿ ಮಾತ್ರ ಹಾಗೇ ಇತ್ತು.

ದಸರೆ ಹತ್ತಿರ ಬಂದಾಗ ನನ್ನ ಗಂಡನ ದೊಡ್ಡಪ್ಪ ನಡುಮನೆಯಲ್ಲಿ ಕೂತು, ನಾನು ಅಡುಗೆಮನೆಯಲ್ಲಿರುವುದು ಗೊತ್ತಿದ್ದೂ, ದೀಪಾವಳಿ ಕಳೆಯಲಿ, ಇದು ಹೀಗೇ ಇದ್ದರೆ ತವರಿಗೆ ಬಿಟ್ಟು ಬೇರೆ ಹೆಣ್ಣು ನೋಡೋಣ ಎಂದರು. ನನ್ನ ಗಂಡ ಹಿರಿಯರ ಮುಂದೆ ಬಾಯಿ ಬಿಡುವವರಲ್ಲ. ಅತ್ತೆಯೂ ಏನೂ ಅನ್ನಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ತಂದಿತು. ಆ ಬಾಯಿ ಸುಮ್ಮನಿದೆ ಎಂದರೆ ಒಪ್ಪಿದೆ ಎಂದೇ ಅರ್ಥ ಮಾಡಿಕೊಂಡೆ.

ವಿಜಯದಶಮಿಯ ಮರುದಿನ ಅತ್ತೆ ಒಂದು ಚೀಲಕ್ಕೆ ನನ್ನ ಸೀರೆ, ಇನ್ನೊಂದಕ್ಕೆ ತಮ್ಮ ಸೀರೆ ತುಂಬಿ, ನಡಿ ಎಂದರು. ಸೊರಬದ ಬಸ್ಸು ಹತ್ತಿದೆವು. ಸೊರಬದಿಂದ ಜಡೆಯ ಕಡೆಗೆ ಹೋಗುವ ದಾರಿಯಲ್ಲಿ ಅತ್ತೆಯ ತವರು. ದಾರಿಯುದ್ದಕ್ಕೂ ಅವರು ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ತವರಿಗೆ ಬಿಟ್ಟರೆ ಊರ ಕಣ್ಣಿಗೆ ಬೀಳುತ್ತದೆ, ಅದಕ್ಕೇ ತಮ್ಮ ತವರಲ್ಲಿ ಬಿಟ್ಟು ಬರಲು ಹೊರಟಿದ್ದಾರೆ ಎಂದುಕೊಂಡೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಒಂದು ಪೊಟ್ಟಣ ಮಂಡಕ್ಕಿ ಕೊಂಡು ನನ್ನ ಮಡಿಲಲ್ಲಿಟ್ಟರು. ಅದನ್ನೂ ನಾನು ಬೀಳ್ಕೊಡುಗೆ ಎಂದೇ ಲೆಕ್ಕ ಹಾಕಿದೆ.

ಅತ್ತೆಯ ತವರಿನ ಎದುರು ಮನೆ ದೀವರದು. ಆ ಮನೆಯ ಹೆಂಗಸು ಅತ್ತೆಯ ಓರಗೆಯವರು, ಚಿಕ್ಕಂದಿನಲ್ಲಿ ಕೂಡಿ ಆಡಿದವರು. ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಗೋಡೆಗೆ ಹಸೆ ಚಿತ್ತಾರ ಬರೆಯಲು ಅವರಿಗೇ ಕರೆ ಹೋಗುತ್ತಿತ್ತು. ಊರೆಲ್ಲ ಚಿತ್ತಾರದಕ್ಕ ಎನ್ನುತ್ತಿದ್ದರು, ನಾನೂ ಮನಸ್ಸಿನಲ್ಲಿ ಹಾಗೇ ಕರೆದೆ. ನಾವು ಹೋದಾಗ ಅವರ ಜಗಲಿಯ ತುಂಬ ಬಿದಿರಿನ ಬುಟ್ಟಿಗಳಿದ್ದವು.

ನಮ್ಮ ಶಿಕಾರಿಪುರದ ಕಡೆ ಶೀಗಿ ಹುಣ್ಣಿಮೆ ಎನ್ನುತ್ತೇವಲ್ಲ, ಅದೇ ದಿನ ಅವರಿಗೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹಾಲುದುಂಬುವ ಹೊತ್ತು. ಭೂಮಿ ತಾಯಿ ಬಸುರಿ, ಅವಳಿಗೆ ಬಯಕೆ ಊಟ ಹಾಕಬೇಕು. ಊಟ ಹೊರುವುದಕ್ಕೆ ಎರಡು ಬುಟ್ಟಿ. ದೊಡ್ಡದರಲ್ಲಿ ಪೂಜೆಯ ಸಾಮಾನು, ಕಡುಬು, ಮನೆಯವರ ಊಟ. ಚಿಕ್ಕದರಲ್ಲಿ ಗದ್ದೆಗೆ ಬೀರುವ ಚರಗದ ಅನ್ನ. ಬುಟ್ಟಿಗೆ ಸಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸಿ, ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಆ ಮನೆಗಳ ಹೆಂಗಸರಿಗೆ ಬೇರೆ ಧ್ಯಾನವಿಲ್ಲ.

ಅತ್ತೆ ನನ್ನನ್ನು ಆ ಜಗಲಿಯಲ್ಲಿ ಕೂರಿಸಿ, ಇವಳಿಗೊಂದು ಕೆಲಸ ಕೊಡು ಎಂದಷ್ಟೇ ಹೇಳಿ ಎದುರಿನ ತಮ್ಮ ತವರಿಗೆ ಹೋದರು. ಚಿತ್ತಾರದಕ್ಕ ನನ್ನ ಊರು ಕೇರಿ ಕೇಳಲಿಲ್ಲ. ಯಾಕೆ ಮಾತಾಡುವುದಿಲ್ಲ ಎಂದೂ ಕೇಳಲಿಲ್ಲ. ಒಂದು ಹಿಡಿ ಪುಂಡಿ ನಾರು ಕೊಟ್ಟು, ತುದಿ ಜಜ್ಜಿ ಕುಂಚ ಮಾಡುವುದನ್ನು ತೋರಿಸಿದರು. ಆಮೇಲೆ ಅಕ್ಕಿ ಅರೆಯಲು ಹೇಳಿದರು. ಅಕ್ಕಿ ನುಣ್ಣಗಾದ ಮೇಲೆ ಕೆಮ್ಮಣ್ಣಿನ ಬಟ್ಟಲನ್ನು ನನ್ನ ಮುಂದೆ ತಳ್ಳಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ನನ್ನ ಕೂಸನ್ನು ನುಂಗಿದವಳಿಗೆ ನಾನ್ಯಾಕೆ ಬಯಕೆ ಊಟದ ಬುಟ್ಟಿ ಬಳಿಯಲಿ ಎಂದು ಒಳಗೇ ಕುದಿಯಿತು. ಅವರು ಬಟ್ಟಲನ್ನು ವಾಪಸು ತೆಗೆದುಕೊಂಡು ತಾವೇ ಬಳಿಯತೊಡಗಿದರು. ಅವತ್ತು ಅಷ್ಟೇ ಆಯಿತು.

ಮರುದಿನವೂ ಹೋದೆ, ಅದರ ಮರುದಿನವೂ. ಅವರು ಬರೆಯುವುದನ್ನು ನೋಡುತ್ತ ಕೂರುವುದು ಹಿತವಾಗಿತ್ತು. ಒಂದು ಎಳೆ ಎಳೆಯುವಾಗ ಅವರು ಉಸಿರು ಹಿಡಿಯುತ್ತಿದ್ದರು, ಎಳೆ ಮುಗಿದ ಮೇಲೆ ಬಿಡುತ್ತಿದ್ದರು. ನೋಡುತ್ತ ನೋಡುತ್ತ ನನ್ನ ಉಸಿರೂ ಅವರ ಉಸಿರಿನ ಹಿಂದೆ ಹೋಗತೊಡಗಿತು. ಎದೆಯ ಮೇಲೆ ಕಲ್ಲಿಟ್ಟಂತೆ ಎರಡು ತಿಂಗಳು ಬದುಕಿದ್ದವಳಿಗೆ, ಉಸಿರಾಡುವುದು ಇಷ್ಟು ಸಲೀಸು ಎಂಬುದೇ ಮರೆತುಹೋಗಿತ್ತು. ಅವರ ಕೈಯಲ್ಲಿ ಭತ್ತದ ಸಸಿ ಬಂತು, ಏಣಿ ಬಂತು, ಒಬ್ಬರ ಕೈ ಒಬ್ಬರು ಹಿಡಿದು ನಿಂತ ಗೊಂಬೆ ಸಾಲು ಬಂತು. ಬರೆದ ಎಳೆಯನ್ನು ಅವರು ಅಳಿಸುತ್ತಿರಲಿಲ್ಲ. ತಪ್ಪಿದರೆ ಅದರ ಪಕ್ಕಕ್ಕೆ ಏನೋ ಒಂದು ಸೇರಿಸಿ ಮುಂದೆ ಹೋಗುತ್ತಿದ್ದರು.

ನಾನು ದಿನವೂ ಅಲ್ಲಿ ಕೂರುವುದನ್ನು ನೋಡಿ ಅತ್ತೆಯ ಅಣ್ಣನ ಹೆಂಡತಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಜಗಲಿಯ ಕೆಳಗೆ ನಿಂತು, ಮಡಿಲು ಬರಿದಾದವಳನ್ನು ಬಸುರಿಯ ಬುಟ್ಟಿಯ ಹತ್ತಿರ ಕೂರಿಸಿಕೊಂಡಿದ್ದೀಯಲ್ಲ, ಗದ್ದೆಗೆ ಏನಾದರೂ ಆದರೆ ಎಂದು ಚಿತ್ತಾರದಕ್ಕನನ್ನು ಕೇಳಿದರು. ಕೇಡು ಬಯಸಿ ಆಡಿದ ಮಾತಲ್ಲ, ಅವರಿಗೂ ಗದ್ದೆಯಿತ್ತು. ಆದರೆ ನನಗೆ ಎದ್ದು ಓಡಬೇಕೆನಿಸಿತು.

ಚಿತ್ತಾರದಕ್ಕ ಕೈಯಲ್ಲಿದ್ದ ಎಳೆ ಮುಗಿಸಿ ಉಸಿರು ಬಿಟ್ಟರು. ಆಮೇಲೆ ಹೇಳಿದರು.

"ಭೂಮ್ತಾಯಿ ಬಸುರು ಎಷ್ಟು ಸಲ ಹೋಗಿಲ್ಲ ತಂಗಿ? ನೆರೆಗೆ ಹೋಗೈತೆ, ಹುಳಕ್ಕೆ ಹೋಗೈತೆ. ಅವ್ಳಿಗೆ ಗೊತ್ತಾಗ್ದೇ ಇರೋ ಸಂಕ್ಟ ಅಲ್ಲ ಇದು."

ಇಷ್ಟು ಹೇಳಿ, ಕೆಮ್ಮಣ್ಣು ಬಳಿದು ಒಣಗಿಸಿದ್ದ ಚಿಕ್ಕ ಬುಟ್ಟಿಯನ್ನು ನನ್ನ ಮಡಿಲಿಗೆ ಇಟ್ಟರು. ಮಂಡಕ್ಕಿ ಪೊಟ್ಟಣ ಬಂದು ಕೂತ ಅದೇ ಮಡಿಲು. ಬುಟ್ಟಿ ಬಿಸಿಲಿಗೆ ಬೆಚ್ಚಗಾಗಿತ್ತು, ತೂಕ ಇಲ್ಲವೇ ಇಲ್ಲ ಎನ್ನುವಷ್ಟಿತ್ತು. ಆ ಬಿಸಿ, ಆ ತೂಕ ನನಗೆ ಗೊತ್ತಿದ್ದದ್ದೇ. ಕೈ ತಾನಾಗಿ ಅದರ ಸುತ್ತ ಹೋಯಿತು. ನಾನು ಮಣ್ಣು ಮುಟ್ಟಿದ್ದೇನೆ ಎಂಬುದು ನೆನಪಾಗುವ ಹೊತ್ತಿಗೆ ಮುಟ್ಟಿ ಆಗಿತ್ತು.

ಕುಂಚ ತೆಗೆದುಕೊಂಡು ಗೊಂಬೆ ಸಾಲು ಹಿಡಿದೆ. ತವರಲ್ಲಿ ಅಂಗಳಕ್ಕೆ ರಂಗೋಲಿ ಹಾಕಿದ ಕೈ, ಎಳೆಗೆ ಅಂಜಲಿಲ್ಲ. ಒಂದು ಗೊಂಬೆ, ಅದರ ಕೈ ಹಿಡಿದು ಇನ್ನೊಂದು, ಅದರ ಕೈ ಹಿಡಿದು ಮತ್ತೊಂದು. ಉಸಿರು ಹಿಡಿಯುವುದು, ಬಿಡುವುದು. ಆದರೆ ರಂಗೋಲಿಗೂ ಬುಟ್ಟಿಗೂ ಒಂದು ವ್ಯತ್ಯಾಸವಿದೆ. ಬುಟ್ಟಿ ದುಂಡಗಿರುತ್ತದೆ, ಸಾಲು ಸುತ್ತಿ ಬಂದು ಹೊರಟ ಕಡೆಗೇ ಸೇರಬೇಕು. ಪಳಗಿದವರು ಮೊದಲೇ ಗೇಣು ಹಾಕಿ ಅಳೆದುಕೊಂಡು ಗೊಂಬೆಯ ಅಗಲ ಗೊತ್ತು ಮಾಡುತ್ತಾರೆ. ನನಗೆ ಅದು ಹೊಳೆಯಲೇ ಇಲ್ಲ. ಸುತ್ತಿ ಬಂದಾಗ ಕೊನೆಯ ಗೊಂಬೆಗೂ ಮೊದಲ ಗೊಂಬೆಗೂ ನಡುವೆ ಕಿರಿದಾದ ಜಾಗ ಉಳಿಯಿತು. ಬಿಟ್ಟರೆ ಸಾಲು ಹರಿದಂತೆ ಕಾಣುತ್ತದೆ. ಇನ್ನೊಂದು ಗೊಂಬೆ ಹಿಡಿಯುವಷ್ಟು ಜಾಗವೂ ಅಲ್ಲ.

ಕುಂಚ ಎತ್ತಿ ಹಿಡಿದು ಕೂತೆ. ಅಕ್ಕಿ ಹಿಟ್ಟು ತೊಟ್ಟಿಕ್ಕಿ ನನ್ನ ಸೀರೆಯ ಮೇಲೆ ಬಿತ್ತು. ಚಿತ್ತಾರದಕ್ಕ ಬಗ್ಗಿ ನೋಡಿದರು. ಅಳಿಸಲು ಬಟ್ಟೆ ಕೊಡುತ್ತಾರೇನೋ ಎಂದುಕೊಂಡೆ.

"ಅಷ್ಟೇ ಜಾಗ ಐತಲ್ಲ," ಎಂದರು. "ಅಷ್ಟೇ ದೊಡ್ಡೋರನ್ನ ನಿಲ್ಸು."

ಹೇಳಿ ತಮ್ಮ ಬುಟ್ಟಿಯ ಕಡೆ ತಿರುಗಿಬಿಟ್ಟರು. ನಾನು ಆ ಜಾಗವನ್ನು ನೋಡಿದೆ. ಆ ಜಾಗಕ್ಕೆ ಸರಿಹೊಂದುವವರು ಯಾರೆಂದು ನನ್ನ ಕೈಗೆ ಗೊತ್ತಿತ್ತು. ಪುಟ್ಟ ತಲೆ, ಅದರ ತುಂಬ ಕೂದಲು. ಪುಟ್ಟ ಮೈ. ಎರಡು ಕೈಯನ್ನು ಮೇಲೆತ್ತಿ ಒಂದನ್ನು ಈ ಕಡೆಯ ದೊಡ್ಡ ಗೊಂಬೆಗೆ, ಇನ್ನೊಂದನ್ನು ಆ ಕಡೆಯದಕ್ಕೆ ಹಿಡಿಸಿದೆ. ಸಾಲು ಕೂಡಿತು. ಹರಿದದ್ದು ಎಲ್ಲಿ ಎಂದು ಹುಡುಕಿದರೂ ಸಿಗುವಂತಿರಲಿಲ್ಲ.

ಆಗ ಅಳು ಬಂತು. ಸದ್ದಿಲ್ಲದ ಅಳುವಲ್ಲ. ಬೀದಿಗೆ ಕೇಳುವಂಥದ್ದು. ಅಷ್ಟು ತಿಂಗಳು ಕಟ್ಟಿ ಹಾಕಿದ್ದೆಲ್ಲ ಒಟ್ಟಿಗೆ ಬಂತು. ನನಗೆ ನಾಚಿಕೆಯೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಅತ್ತೆಯ ಅಣ್ಣನ ಹೆಂಡತಿ ಓಡಿ ಬಂದು, ಹುಣ್ಣಿಮೆ ಹೊತ್ತಿಗೆ ಇದೇನು, ಸುಮ್ಮನಿರಿಸಿ ಎಂದರು. ಅವರ ಹಿಂದೆಯೇ ಅತ್ತೆ ಬಂದಿದ್ದರು. ಅತ್ತೆ ಜಗಲಿಯ ಮೆಟ್ಟಿಲಿಗೆ ಅಡ್ಡವಾಗಿ ನಿಂತು, ಅಳಲಿ ಬಿಡು, ಯಾರೂ ಹತ್ತಿರ ಹೋಗಬೇಡಿ ಎಂದರು. ನನಗೆ ಮುಗಿಯುವವರೆಗೂ ಹಾಗೇ ನಿಂತಿದ್ದರು. ಯಾಕೆ ನಿಂತರು ಎಂದು ನನಗೆ ಆ ಹೊತ್ತಿನಲ್ಲಿ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಬುಟ್ಟಿ ಒಣಗಿತ್ತು. ಅಳು ಬಂದಿತ್ತು, ಮಾತು ಇನ್ನೂ ಬಂದಿರಲಿಲ್ಲ. ಜಗಲಿಯ ಮೂಲೆಯಲ್ಲಿ ಕೂತಿದ್ದವಳ ಪಕ್ಕ ಅತ್ತೆ ಬಂದು ಕೂತರು. ಬುಟ್ಟಿಯನ್ನು ತಮ್ಮ ಮಡಿಲಿಗೆ ಎತ್ತಿಕೊಂಡು ನಿಧಾನ ತಿರುಗಿಸಿದರು. ಪುಟ್ಟ ಗೊಂಬೆ ಸಿಕ್ಕಿದ ಕಡೆ ಕೈ ನಿಂತಿತು. ಇಡೀ ಪೇಟೆ ಹೆದರುತ್ತಿದ್ದ ಆ ದನಿ ಎಷ್ಟು ಸಣ್ಣಗಾಗಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು.

"ಇನ್ನೊಂದು ಹಿಡೀತೈತೇನು, ಇದ್ರಾಗ?"

ನನಗೆ ಅರ್ಥವಾಗಲಿಲ್ಲ. ಅವರು ಬುಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ನಂದೂ ಒಂದಿತ್ತು. ನಿನ್ ಗಂಡನಕಿಂತ ಮೊದ್ಲಿಂದು, ಗಂಡು. ಹೆಸ್ರು ಇಟ್ಟಿದ್ದಿಲ್ಲ. ಅತ್ರೆ ಮುಂದಿಂದು ನಿಲ್ಲಾಂಗಿಲ್ಲ ಅಂದ್ರು. ನಾ ಅಳ್ಲಿಲ್ಲ."

ಆ ಮನೆಗೆ ಹೋಗಿ ಎರಡು ವರ್ಷವಾಗಿತ್ತು, ಇದನ್ನು ಯಾರೂ ಹೇಳಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷ ಈ ಹೆಂಗಸು ಬಾಯಿ ಜೋರು ಮಾಡಿಕೊಂಡು ತಿರುಗಿದ್ದು ಯಾವುದರ ಮೇಲೆ ಮುಚ್ಚಳ ಹಾಕಲು ಎಂದು ಆಗ ತಿಳಿಯಿತು. ನಾನು ಬುಟ್ಟಿಯನ್ನು ನೋಡಿದೆ. ಸಾಲು ಕೂಡಿಬಿಟ್ಟಿತ್ತು, ನಡುವೆ ಎಲ್ಲೂ ಜಾಗವಿರಲಿಲ್ಲ. ಆದರೆ ಎರಡು ದೊಡ್ಡ ಗೊಂಬೆಗಳು ಕೈ ಕೈ ಹಿಡಿದಿದ್ದ ಕಡೆ, ಆ ಕೈಗಳ ಕೆಳಗೆ, ಒಂದು ಪುಟ್ಟ ಜೀವ ನಿಲ್ಲುವಷ್ಟು ಕೆಂಪು ಉಳಿದಿತ್ತು.

"ಹಿಡೀತೈತ್ರೀ, ಅತ್ತಿ," ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ತುಕ್ಕು ಹಿಡಿದ ಚಿಲಕದಂತಿತ್ತು. ಅತ್ತೆ ನನಗೆ ಮಾತು ಬಂತು ಎಂದು ಊರು ಒಂದು ಮಾಡಲಿಲ್ಲ. ಕುಂಚ ಹುಡುಕಿ ಕೊಟ್ಟರು. ನಾನು ಬರೆಯುವಷ್ಟು ಹೊತ್ತು ಬುಟ್ಟಿಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡರು. ಅವರ ಕಣ್ಣಿನಿಂದ ನೀರು ಬಿದ್ದು ಒಂದು ಕಡೆ ಕೆಮ್ಮಣ್ಣು ಕಲಸಿತು. ಚಿತ್ತಾರದಕ್ಕ ಬಂದು ನೋಡಿ ಆ ಕಲೆಯ ಪಕ್ಕ ಒಂದು ಭತ್ತದ ಸಸಿ ಬರೆದು ಹೋದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನನಗೆ ಮೊಸರಿನ ಮಾತು ಹಾಗಿರಲಿ, ಬಾಯೇ ವಾಪಸು ಬಂತು.

ಹುಣ್ಣಿಮೆಯ ದಿನ ಗದ್ದೆಗೆ ಹೋದಾಗ ಚಿತ್ತಾರದಕ್ಕ ಆ ಚಿಕ್ಕ ಬುಟ್ಟಿಯನ್ನು ನನ್ನ ತಲೆಯ ಮೇಲೇ ಇಟ್ಟರು. ಪೂಜೆಯಾದ ಮೇಲೆ ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂಳುವುದು ಅವರ ಪದ್ಧತಿ. ಅದನ್ನು ನನ್ನ ಕೈಯಿಂದ ಮಾಡಿಸಿದರು. ಮಣ್ಣು ತಣ್ಣಗೆ, ಮೆತ್ತಗೆ ಇತ್ತು. ನಮ್ಮ ಹೊಲದ ಬದುವಿನಲ್ಲೂ ಹೀಗೇ ಮೆತ್ತಗಿರಲಿ ಎಂದುಕೊಂಡೆ. ಆಮೇಲೆ ಉಗುರು ತೊಳೆಯುವುದಕ್ಕೆ ನನಗೆ ಅವಸರವಾಗಲಿಲ್ಲ.

ಶಿಕಾರಿಪುರಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮೊದಲಿನಂತೆಯೇ ಇದ್ದರು, ಕಂಡಕ್ಟರನ ಜತೆ ಚಿಲ್ಲರೆಗೆ ಜಗಳವಾಡಿದರು. ನಾನೂ ಅವರ ಪರ ನಾಲ್ಕು ಮಾತು ಸೇರಿಸಿದೆ. ದೀಪಾವಳಿ ಕಳೆದು ದೊಡ್ಡಪ್ಪ ಬಂದು ಮಾತು ತೆಗೆದಾಗ ಅತ್ತೆ, ನಮ್ಮ ಮನೆ ಸೊಸೆ ನಮ್ಮ ಮನೇಲಿ ಇರ‍್ತಾಳೆ, ನೀವು ಕಾಫಿ ಕುಡಿದು ಹೊರಡಿ ಎಂದರು. ಕಾಫಿ ಕೊಟ್ಟವಳು ನಾನೇ. ಸಕ್ಕರೆ ಸಾಕೇನ್ರೀ ಎಂದು ಬೇಕೆಂದೇ ಎರಡು ಸಲ ಕೇಳಿದೆ.

ಅಲ್ಲಿಂದ ಮುಂದೆ ಪ್ರತಿ ಶೀಗಿ ಹುಣ್ಣಿಮೆಗೆ ನಮ್ಮ ಮನೆಯಲ್ಲೂ ಒಂದು ಬುಟ್ಟಿಗೆ ಚಿತ್ತಾರ ಬರೆಯುತ್ತ ಬಂದೆ. ನಮ್ಮವರಲ್ಲಿ ಅದು ಪದ್ಧತಿಯಲ್ಲ, ಯಾರಾದರೂ ಕೇಳಿದರೆ ಅತ್ತೆಯ ತವರಿನ ಕಡೆಯದು ಎನ್ನುತ್ತಿದ್ದೆ. ಗೇಣು ಹಾಕಿ ಅಳೆಯುವುದನ್ನು ಕಲಿತೆ. ಅಳೆದೇ ಒಂದು ಕಿರಿದಾದ ಜಾಗ ಬಿಡುತ್ತಿದ್ದೆ. ಬರೆದು ಮುಗಿಸಿದ ಮೇಲೆ ಅತ್ತೆ ಬುಟ್ಟಿಯನ್ನು ಮಡಿಲಲ್ಲಿಟ್ಟು ತಿರುಗಿಸುವರು. ಕೈಗಳ ಕೆಳಗೆ ನಿಂತ ಗೊಂಬೆ ಸಿಕ್ಕಿದಾಗ, ಐತಿ ಎಂದಷ್ಟೇ ಹೇಳಿ ಕೆಳಗಿಡುವರು. ಕಣ್ಣು ಮಂಜಾದ ಮೇಲೆ ಬೆರಳಿನಿಂದ ಮುಟ್ಟಿ ನೋಡಿ ಹೇಳುತ್ತಿದ್ದರು. ಈಗ ಅವರೂ ಇಲ್ಲ, ಚಿತ್ತಾರದಕ್ಕನೂ ಇಲ್ಲ. ಬುಟ್ಟಿ ತಿರುಗಿಸುವಾಗ ನಾನೇ ಅವರ ಪರವಾಗಿ ಐತಿ ಎನ್ನುತ್ತೇನೆ.

ಹೋದ ಹುಣ್ಣಿಮೆಗೆ ಮೊಮ್ಮಗಳು ರಜೆ ಹಾಕಿ ಬಂದಿದ್ದಳು. ಬರೆದಿಟ್ಟ ಬುಟ್ಟಿಯನ್ನು ಎತ್ತಿಕೊಂಡು ಕೂತಳು. ಅವಳ ಕೆಲಸವೇ ಅದಲ್ಲವೇ, ಬಿಡಿಸಿದ್ದನ್ನು ನೋಡುವುದು. ಒಂದು ಸುತ್ತು ತಿರುಗಿಸಿ, ಸಾಲಿನಲ್ಲಿ ಇಬ್ಬರು ಚಿಕ್ಕವರಿದ್ದಾರಲ್ಲ ಅಜ್ಜಿ, ಯಾರಿವರು ಎಂದು ಕೇಳಿದಳು. ಅರವತ್ತು ವರ್ಷದ ಮೇಲಾಯಿತು, ಅದನ್ನು ಕೇಳಿದವರಲ್ಲಿ ಅವಳೇ ಮೊದಲು. ನಾನು ಅವಳ ಬೆರಳನ್ನು ಹಿಡಿದು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಇಟ್ಟೆ.

"ಇದು ನಿನ್ ಸೋದರತ್ತೆ, ನಿಮ್ಮಪ್ಪನಿಗೆ ಅಕ್ಕ. ಇವರು ನಿಮ್ಮಜ್ಜನಿಗೆ ಅಣ್ಣ, ನಿನ್ ದೊಡ್ಡಜ್ಜ."